ಇಪ್ಪತ್ತೇಳರ ಚಿಲಕ

ನನ್ನ ಮುಂದೆ ಯಾರಾದರೂ "ಹೊಸ ರೈಲು" ಅಂದರೆ ಸಾಕು, ಇವತ್ತಿಗೂ ಮೈ ಉರಿದುಹೋಗುತ್ತೆ. ಯಾವ ಹೊಸದು? ಎಲ್ಲಿಂದ ಬಂದ ಹೊಸದು? ಅದರ ಬಾಗಿಲುಗಳನ್ನ ಇಪ್ಪತ್ತಾರು ವರ್ಷ ಬಿಚ್ಚಿ ಕಟ್ಟಿದವಳು ನಾನು. ನನ್ನ ಕಿವಿಗೇ ಹೂವಿಡೋಕೆ ಬರ್ತಾರಲ್ಲ, ಏನು ಧೈರ್ಯ ಇರಬೇಕು!

ನಾನು ರೈಲ್ವೆ ಶೆಡ್ಡಿನಲ್ಲಿ ಬಾಗಿಲು ಫಿಟ್ಟರ್. ಬೆಳಿಗ್ಗೆ ಹೋಗಿ ಸಂಜೆ ಬರೋ, ಸಣ್ಣ ಸ್ಟೇಷನ್ನುಗಳಲ್ಲೆಲ್ಲ ನಿಲ್ಲೋ ನಾಲ್ಕು ಬೋಗಿಯ ಪ್ಯಾಸೆಂಜರ್ ಗಾಡಿ ನಮ್ಮದು. ಅದರ ಬಾಗಿಲು, ಕೀಲು, ಚಿಲಕ, ಇಷ್ಟು ನನ್ನ ರಾಜ್ಯ. ಶೆಡ್ಡಿನವರು ನನಗೆ ಇಟ್ಟ ಹೆಸರು ಚಿಲಕಮ್ಮ. ಬಾಯಿಗೆ ಮಾತ್ರ ಚಿಲಕ ಇಲ್ಲದ ಚಿಲಕಮ್ಮ ಅಂತ ಹಿಂದಿನಿಂದ ಅಂತಾರೆ, ಅದೂ ನನಗೆ ಗೊತ್ತು. ಅದೇ ಗಾಡಿಗೆ ನನ್ನ ತಮ್ಮ ಗಾರ್ಡು. ಬಾಗಿಲು ಎಲ್ಲ ಮುಚ್ಚಿದೆಯಾ ಅಂತ ನೋಡಿ, ಸೀಟಿ ಊದಿ, ಹಸಿರು ಬಾವುಟ ತೋರಿಸೋನು ಅವನು. ಅಕ್ಕ ಚಿಲಕ ಹಾಕ್ತಾಳೆ, ತಮ್ಮ ಸೀಟಿ ಹಾಕ್ತಾನೆ, ಗಾಡಿ ಇವರ ಮನೇದೇ ಅಂತ ಜನ ತಮಾಷೆ ಮಾಡೋರು.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ, ಅದನ್ನ ಮೊದಲು ಹೇಳಬೇಕು. ಚಿಲಕದ ಡಬ್ಬಿ ಬಿಚ್ಚಿ ಕೆಲಸ ಮಾಡಿದವರು ಅದರ ಮುಚ್ಚಳದ ಒಳಮೈಗೆ ತಮ್ಮ ಗುರುತನ್ನ ಉಕ್ಕಿನ ಅಚ್ಚಿನಿಂದ ಒತ್ತಬೇಕು, ಪಕ್ಕದಲ್ಲಿ ತಿಂಗಳು, ವರ್ಷ. ಯಾವ ನಿಯಮದ ಪುಸ್ತಕದಲ್ಲೂ ಇದು ಇಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ತನ್ನ ಮೇಸ್ತ್ರಿಯಿಂದ ಕಲಿತದ್ದು. "ಗುರುತು ಒತ್ತೋಕೆ ನಾಚಿಕೆಯಾಗೋ ಕೆಲಸ ಮಾಡ್ಲೇಬೇಡ" ಅಂತಿದ್ದ ಮಹಾರಾಯ. ನನ್ನ ಗುರುತು ಎರಡು ಚುಕ್ಕೆ, ಒಂದು ಗೆರೆ. ಕೆಲಸಕ್ಕೆ ಸೇರಿದ ವರ್ಷ ಆತನೇ ಮಾಡಿಸಿಕೊಟ್ಟ ಅಚ್ಚು. ಇವತ್ತಿಗೂ ನನ್ನ ಚೀಲದಲ್ಲೇ ಇದೆ.

ಇಪ್ಪತ್ತೇಳನೇ ಬೋಗಿ ಇತ್ತಲ್ಲ, ಅದು ನನ್ನ ಪ್ರಾಣ ತಿಂದ ಬೋಗಿ. ಅದರ ಎಡಗಡೆ ಎರಡನೇ ಬಾಗಿಲಿನ ಚಿಲಕದ ನಾಲಗೆ ಸವೆದು ಸವೆದು ಉಗುರಿನಷ್ಟು ಉಳಿದಿತ್ತು. ಬಾಗಿಲು ಬೇರೆ ಹೊರಕ್ಕೆ ತೆರೆಯೋದು. ಹೊಸ ಚಿಲಕ ಬೇಕು ಅಂತ ರಿಪೇರಿ ಪುಸ್ತಕದಲ್ಲಿ ಒಂಬತ್ತು ಸಲ ಬರೆದೆ. ಒಂಬತ್ತು ಸಲವೂ ಸ್ಟೋರಿನಿಂದ ಒಂದೇ ಉತ್ತರ: "ಸ್ಟಾಕ್ ಇಲ್ಲ." ಇಲ್ಲ ಅಂದರೆ ತರಿಸಬೇಕಲ್ಲವಾ? ಯಾರು ಕಿವಿ ಮೇಲೆ ಹಾಕ್ಕೊಂಡ್ರು!

ಆಗ ನಾನು ಎಲ್ಲ ಫಿಟ್ಟರುಗಳೂ ಮಾಡೋದನ್ನೇ ಮಾಡಿದೆ. ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ, ನಾಲ್ಕು ಮಡಿಕೆ ಮಡಚಿ, ಸ್ಪ್ರಿಂಗಿನ ಹಿಂದೆ ತುರುಕಿದೆ. ನಾಲಗೆ ಮುಂದಕ್ಕೆ ಬಂತು, ಚಿಲಕ ಟಕ್ ಅಂತ ಕೂತಿತು. ಹೊಸದು ಬರೋವರೆಗೆ ಒಂದು ವಾರ ನಡೀಲಿ ಅಂದುಕೊಂಡೆ. ಆ ಒಂದು ವಾರ ಹನ್ನೊಂದು ತಿಂಗಳಾಯ್ತು. ಗಾಡಿಯ ಅಲುಗಾಟಕ್ಕೆ ತಗಡು ಜಾರ್ತಿತ್ತು. ಪ್ರತಿ ಸೋಮವಾರ ಇಪ್ಪತ್ತೇಳು ಶೆಡ್ಡಿಗೆ ಬಂದ ಕೂಡಲೇ ಡಬ್ಬಿ ಬಿಚ್ಚಿ, ತಗಡನ್ನ ಮತ್ತೆ ಸರಿಯಾಗಿ ಕೂರಿಸ್ತಿದ್ದೆ. ಇದು ನಿಯಮಕ್ಕೆ ವಿರುದ್ಧ. ಗೊತ್ತಾದರೆ ಕೆಲಸಕ್ಕೇ ಕುತ್ತು. ಅದಕ್ಕೆ ಪುಸ್ತಕದಲ್ಲಿ "ಚಿಲಕ ಸವೆದಿದೆ" ಅಂತ ಬರೆದೆನೇ ಹೊರತು ತಗಡಿನ ಸುದ್ದಿ ಎತ್ತಲಿಲ್ಲ, ಆ ಕೆಲಸಕ್ಕೆ ಮುಚ್ಚಳದ ಮೇಲೆ ಅಚ್ಚೂ ಒತ್ತಲಿಲ್ಲ.

ಹೀಗಿರುವಾಗ ಒಂದು ದಿನ ನಾಲ್ಕೂ ಬೋಗಿಗಳನ್ನ ದೊಡ್ಡ ವರ್ಕ್‌ಶಾಪಿಗೆ ಎಳೆದುಕೊಂಡು ಹೋದರು. ಗುಜರಿಗೆ ಅಂತ ಸುದ್ದಿ. ಒಳ್ಳೇದಾಯ್ತು, ಪೀಡೆ ತೊಲಗಿತು ಅಂದುಕೊಂಡೆ. ಎರಡು ತಿಂಗಳಾದ ಮೇಲೆ "ಹೊಸ ರೈಲು" ಬಂತು. ನೀಲಿ ಬಣ್ಣ, ಬೆಳ್ಳಿ ಪಟ್ಟಿ, ಸೀಟಿಗೆ ಹೊಸ ಬಟ್ಟೆ. ಮೈಮೇಲೆ ದೊಡ್ಡದಾಗಿ ನಂಬರು: 411, 412, 413, 414. ಬ್ಯಾಂಡೇನು, ಫೋಟೋ ಏನು, ಭಾಷಣ ಏನು! ನಮ್ಮ ಮ್ಯಾನೇಜರು ಮದುವೆ ಗಂಡಿನ ಹಾಗೆ ಹಲ್ಲು ಕಿರಿದುಕೊಂಡು ನಿಂತಿದ್ದರು.

ನಾನೂ ಹೋಗಿದ್ದೆ. 412ರ ಒಳಗೆ ಕಾಲಿಟ್ಟೆ, ಎಡಗಡೆ ಎರಡನೇ ಬಾಗಿಲನ್ನ ಎಳೆದು ಮುಚ್ಚಿದೆ. ಟಕ್ ಅನ್ನೋದಕ್ಕೆ ಮುಂಚೆ ಒಂದು ಸಣ್ಣ ಕಿರ್ ಅಂತ ಸದ್ದು. ಹೆತ್ತ ಮಗುವಿನ ಕೆಮ್ಮು ತಾಯಿಗೆ ಗೊತ್ತಾಗಲ್ವಾ? ಅದು ನನ್ನ ತಗಡಿನ ಸದ್ದು.

ಓಡಿಹೋಗಿ ಮ್ಯಾನೇಜರನ್ನ ಹಿಡಿದೆ. "ಸಾರ್, ಇದು ಹಳೇ ಇಪ್ಪತ್ತೇಳು. ಎರಡನೇ ಬಾಗಿಲಿನ ಚಿಲಕ ಸವೆದಿದೆ. ಗಾಡಿ ಬಿಡೋ ಮುಂಚೆ ನನ್ನ ಶೆಡ್ಡಿಗೆ ಕಳಿಸಿ."

"ನೋಡಮ್ಮ, ಶುಭ ಸಮಯದಲ್ಲಿ ಬಾಯಿ ಮುಚ್ಚಿಕೊಂಡಿರು" ಅಂದರು. "ಇಪ್ಪತ್ತೇಳು ಈಗ ಎಲ್ಲಿದೆ? ಪುಸ್ತಕ ನೋಡು ಹೋಗು."

ಹೋಗಿ ನೋಡಿದೆ. ಇಪ್ಪತ್ತೇಳರ ಪುಟದ ಮೇಲೆ ಅಡ್ಡಕ್ಕೆ ಕೆಂಪು ಮೊಹರು: "ಸೇವೆಯಿಂದ ತೆಗೆಯಲಾಗಿದೆ." ನಾನು ಬರೆದ ಒಂಬತ್ತು ಸಾಲು ಅದರ ಅಡಿಯಲ್ಲಿ ಸತ್ತು ಬಿದ್ದಿದ್ದವು. 412ಕ್ಕೆ ಹೊಸ ಪುಸ್ತಕ, ಒಳಗೆ ಬಿಳಿ ಹಾಳೆ. ಹೊಸ ಬೋಗಿಗೆ ರಿಪೇರಿ ಯಾಕೆ? ಹೊಸ ಬೋಗಿ ವಾರಕ್ಕೊಮ್ಮೆ ಶೆಡ್ಡಿಗೆ ಬರೋದೂ ಬೇಡವಂತೆ, ಆರು ತಿಂಗಳಿಗೊಮ್ಮೆ ಬಂದರೆ ಸಾಕಂತೆ. ನೋಡಿ ಹೇಗಿದೆ ಬುದ್ಧಿವಂತಿಕೆ! ಒಂದು ಡಬ್ಬ ಬಣ್ಣದಲ್ಲಿ ನಾಲ್ಕು ಬೋಗಿಯ ರೋಗವನ್ನೆಲ್ಲ ವಾಸಿ ಮಾಡಿಬಿಟ್ಟರು.

ರೆಕಾರ್ಡ್ ಗುಮಾಸ್ತನ ಹತ್ತಿರ ಕೂಗಾಡಿದೆ. "ನನಗೆ ಬಂದ ಕಾಗದದಲ್ಲಿ ಏನಿದೆಯೋ ಅಷ್ಟೇ ಅಕ್ಕ ನಾನು ಬರೆಯೋದು" ಅಂದ. ಮತ್ತೆರಡು ಸಲ ಮ್ಯಾನೇಜರ ಬಾಗಿಲು ತಟ್ಟಿದೆ. "ಚಿಲಕ ಸವೆದಿದೆ" ಅಂದೆ. "ಒಳಗೆ ಇರೋದು ಬರೀ ಒಂದು ತಗಡು, ಅದೂ ನಾನೇ ತುರುಕಿದ್ದು" ಅನ್ನೋ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತಿತು. ಅದನ್ನ ಅಂದಿದ್ದರೆ ಗಾಡಿ ನಿಲ್ಲಿಸಲೇಬೇಕಾಗ್ತಿತ್ತು. ನನ್ನ ಕೆಲಸವೂ ಹೋಗ್ತಿತ್ತು. ಊರಿಗೆಲ್ಲ ಬಾಯಿ ಮಾಡೋಳು ನಾನು, ಆ ಒಂದು ಮಾತಿಗೆ ಹೆದರಿಬಿಟ್ಟೆ.

ಗಾಡಿ ಬಿಟ್ಟ ಹತ್ತೊಂಬತ್ತನೇ ದಿನ ಆಗಬಾರದ್ದು ಆಯ್ತು. ಸಂಜೆ ಗಾಡಿ, ಬೋಗಿ ತುಂಬ ಜನ. ಸ್ಟೇಷನ್ನಿನ ಮುಂಚಿನ ತಿರುವಿನಲ್ಲಿ ಎಲ್ಲರೂ ಒಂದು ಕಡೆ ವಾಲಿದರು, ಬಾಗಿಲು ತೆರೆದುಕೊಂಡಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಹೊರಗೆ ಬಿದ್ದಳು. ಗಾಡಿ ನಿಧಾನವಾಗಿತ್ತು, ಜೀವ ಉಳೀತು. ಬಲಗೈ ಮಣಿಕಟ್ಟು ಎರಡು ಕಡೆ ಮುರೀತು. ಆಕೆ ಟೈಲರ್. ದಿನಾ ಅದೇ ಗಾಡಿಯಲ್ಲಿ ಹೋಗಿ ಬಂದು ಬ್ಲೌಸು, ಶರಟು ಹೊಲಿಯೋಳು. ನಮ್ಮ ಶೆಡ್ಡಿನವರ ಖಾಕಿ ಬಟ್ಟೆಗಳೂ ಅವಳ ಕೈಯಿಂದಲೇ ಆಗಿದ್ದು.

ಮಾರನೇ ದಿನವೇ ತಮ್ಮನನ್ನ ಕೆಲಸದಿಂದ ಅಮಾನತು ಮಾಡಿದರು. ಕಾಗದದಲ್ಲಿ ಬರೆದದ್ದೇನು ಗೊತ್ತಾ? "ಬಾಗಿಲು ಮುಚ್ಚಿರುವುದನ್ನು ಖಚಿತಪಡಿಸಿಕೊಳ್ಳದೆ ಗಾರ್ಡ್ ಸಂಕೇತ ನೀಡಿರುತ್ತಾರೆ." ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ವಜಾ. ಬೋಗಿ ಹೊಸದು, ಪುಸ್ತಕದಲ್ಲಿ ಒಂದು ದೋಷವಿಲ್ಲ, ಅಂದಮೇಲೆ ತಪ್ಪು ಮನುಷ್ಯನದ್ದೇ ತಾನೇ? ತಿಪ್ಪೆ ಸಾರಿಸೋದು ಇವರಿಂದ ಕಲೀಬೇಕು.

ಅವನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ತನ್ನ ಸೀಟಿಯನ್ನ ಬಟ್ಟೆಯಿಂದ ಉಜ್ಜುತ್ತಾ ಇದ್ದ. ಕೆಲಸವಿಲ್ಲದವನಿಗೆ ಸೀಟಿ ಯಾಕೆ? ತಮ್ಮನ ಹೆಂಡತಿ ಟೀ ಲೋಟ ತಂದಿಟ್ಟು ಗೋಡೆಗೊರಗಿ ನಿಂತಳು. ಅವಳ ಕಣ್ಣು ಊದಿಕೊಂಡಿತ್ತು.

"ಅಕ್ಕ, ನಾನು ಎಳೆದು ನೋಡಿದ್ದೆ" ಅಂದ. "ಹದಿನಾರು ಬಾಗಿಲನ್ನೂ ಕೈಯಿಂದ ಎಳೆದು ನೋಡಿದ್ದೆ. ದೇವರಾಣೆ. ಆದರೆ ಈಗ ರಾತ್ರಿ ಮಲಗಿದರೆ, ನಿಜವಾಗ್ಲೂ ನೋಡಿದ್ನಾ ಅನ್ನಿಸುತ್ತೆ. ಎಲ್ಲರೂ ನೋಡಿಲ್ಲ ಅಂತಿದ್ದಾರಲ್ಲ."

"ನೋಡಿದ್ದೆ ಕಣೋ, ನೀನು ನೋಡಿದ್ದೆ" ಅಂದೆ.

"ನಿನಗೆ ಹೇಗೆ ಗೊತ್ತು?"

ನಾನು ಟೀ ಲೋಟದ ಕಡೆ ಕೈ ಚಾಚಿದೆ. ಅವನ ಹೆಂಡತಿ ನನ್ನ ಮುಖವನ್ನೇ ನೋಡಿದಳು. "ಅತ್ತಿಗೆ, ನಿಮಗೆ ಏನೋ ಗೊತ್ತಿದೆ" ಅಂದಳು. "ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಅವರು ಇಪ್ಪತ್ತು ವರ್ಷದಿಂದ ಒಂದು ದಿನ ತಪ್ಪು ಸೀಟಿ ಊದಿಲ್ಲ. ಈಗ ತಮ್ಮ ಕೈಯನ್ನೇ ನಂಬ್ತಾ ಇಲ್ಲ."

ಟೀ ಆರಿಹೋಯ್ತು. ಕುಡಿಯದೆ ಎದ್ದು ಬಂದೆ.

ವಿಚಾರಣೆ ನಡೆದದ್ದು ಶೆಡ್ಡಿನ ಮೇಲಿನ ಮೀಟಿಂಗ್ ರೂಮಿನಲ್ಲಿ. ಹೆಡ್ ಆಫೀಸಿನಿಂದ ಕನ್ನಡಕ ಹಾಕಿದ ಒಬ್ಬ ಮೇಡಂ ಬಂದಿದ್ದರು. ಅವರ ಪಕ್ಕ ನಮ್ಮ ಮ್ಯಾನೇಜರು, ಮೂಲೆಯಲ್ಲಿ ಗುಮಾಸ್ತ. ತಮ್ಮ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಕೈಕಟ್ಟಿ ನಿಂತಿದ್ದ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ ಅಂತ ಮ್ಯಾನೇಜರು ಆಗಲೇ ಗಡಿಯಾರ ನೋಡ್ತಿದ್ದರು. ನನ್ನನ್ನ ಯಾರೂ ಕರೆದಿರಲಿಲ್ಲ. ಕೀಲಿಗೆ ಎಣ್ಣೆ ಹಾಕೋ ನೆಪದಲ್ಲಿ ಬಾಗಿಲ ಹತ್ತಿರ ನಿಂತಿದ್ದೆ.

"ಬೋಗಿ 412ರಲ್ಲಿ ಯಾವುದಾದರೂ ದೋಷ ದಾಖಲಾಗಿತ್ತಾ?" ಮೇಡಂ ಕೇಳಿದರು.

ಗುಮಾಸ್ತ ಬಿಳಿ ಹಾಳೆಗಳನ್ನ ತಿರುವಿ ತೋರಿಸಿದ. "ಇಲ್ಲ ಮೇಡಂ."

"ಹೊಸ ಬೋಗಿ ಮೇಡಂ" ಅಂದರು ಮ್ಯಾನೇಜರು. "ಇನ್ನೂ ತಿಂಗಳು ತುಂಬಿರಲಿಲ್ಲ. ಗಾರ್ಡ್ ಸ್ವಲ್ಪ ಎಚ್ಚರವಾಗಿದ್ದಿದ್ದರೆ ಆ ಹೆಂಗಸಿನ ಕೈ ಉಳೀತಿತ್ತು."

ಆಗ ನೋಡಿ, ನನ್ನ ಸಹನೆಯ ಕಟ್ಟೆ ಒಡೀತು. ಎಣ್ಣೆ ಡಬ್ಬಿ ಕೆಳಗಿಟ್ಟು ಒಳಗೆ ನುಗ್ಗಿದೆ.

"ಹೊಸ ಬೋಗಿಯಂತೆ! ಇಪ್ಪತ್ತೇಳನೇ ನಂಬರ್ ಬೋಗಿಗೆ ಸುಣ್ಣ ಬಣ್ಣ ಬಳಿದು ಹೊಸದು ಅಂತೀರಲ್ಲ ಸಾರ್, ಆ ಹೆಂಗಸಿನ ಮುರಿದ ಕೈಗೂ ಬಣ್ಣ ಬಳೀತೀರಾ?"

"ಯಾರಿವರು?" ಅಂದರು ಮೇಡಂ.

"ಗಾರ್ಡಿನ ಅಕ್ಕ ಮೇಡಂ" ಅಂದರು ಮ್ಯಾನೇಜರು, ನನ್ನ ಮಾತೆಲ್ಲ ಅಷ್ಟರಲ್ಲೇ ಮುಗೀತು ಅನ್ನೋ ಹಾಗೆ. "ತಮ್ಮನನ್ನ ಉಳಿಸೋಕೆ ಕಥೆ ಕಟ್ತಾ ಇದ್ದಾರೆ. 412 ಹಳೆಯದು ಅನ್ನೋದಕ್ಕೆ ಯಾವ ದಾಖಲೆಯೂ ಇಲ್ಲ."

"ಕಾಗದದಲ್ಲಿ ಇಲ್ಲ" ಅಂದೆ. "ಕಬ್ಬಿಣದಲ್ಲಿದೆ. ಕೆಳಗೆ ಬನ್ನಿ, ಐದು ನಿಮಿಷ."

ಮೇಡಂ ಕನ್ನಡಕ ತೆಗೆದು ನನ್ನನ್ನ ನೋಡಿದರು, ತಮ್ಮನನ್ನ ನೋಡಿದರು, ಪೆನ್ನು ಮುಚ್ಚಿ ಎದ್ದರು. ಏಳಲ್ಲ ಅಂದುಕೊಂಡಿದ್ದೆ, ಎದ್ದರು.

412 ಯಾರ್ಡಿನಲ್ಲಿ ನಿಂತಿತ್ತು. ಬಾಗಿಲಿಗೆ ಹಗ್ಗ ಕಟ್ಟಿದ್ದರು. ಅದು ಇವರ ಹೊಸ ರೈಲಿನ ಭದ್ರತೆ! ಚೀಲದಿಂದ ಹಳೇ ಚಾವಿ ತೆಗೆದೆ. "ಹೊಸ ಬೋಗಿಗೆ ನನ್ನ ಹಳೇ ಚಾವಿ ಹೇಗೆ ಹಿಡಿಯುತ್ತೋ ನೋಡಿ ಮೇಡಂ" ಅಂತ ಹೇಳಿ ತಿರುಗಿಸಿದೆ. ಸಲೀಸಾಗಿ ತಿರುಗಿತು. ನಾಲ್ಕು ಸ್ಕ್ರೂ ಬಿಚ್ಚಿದೆ. ಸ್ಕ್ರೂಗಳ ತಲೆಯ ಮೇಲೆ ನೀಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಬಣ್ಣ ಹೊಡೆದವರು ಡಬ್ಬಿಯನ್ನ ಬಿಚ್ಚಿಯೇ ಇರಲಿಲ್ಲ.

ಮುಚ್ಚಳ ಕೈಗೆ ಬಂತು. ತಿರುಗಿಸಿ ಬೆಳಕಿಗೆ ಹಿಡಿದೆ. ಮೇಲುಗಡೆ ನನ್ನ ಮೇಸ್ತ್ರಿಯ ತ್ರಿಕೋನ, ನಾಲ್ಕು ಸಲ. ಅದರ ಕೆಳಗೆ ಎರಡು ಚುಕ್ಕೆ ಒಂದು ಗೆರೆ, ಎರಡು ಚುಕ್ಕೆ ಒಂದು ಗೆರೆ, ಸಾಲು ಸಾಲು. ಪಕ್ಕದಲ್ಲಿ ತಿಂಗಳು, ವರ್ಷ. ಚೀಲದಿಂದ ಅಚ್ಚು ತೆಗೆದು ಮೇಡಂ ಅಂಗೈ ಮೇಲಿಟ್ಟೆ. ಅವರು ಅದನ್ನ ಗುರುತಿನ ಮೇಲೆ ಹಿಡಿದು ನೋಡಿದರು. "ಇಪ್ಪತ್ತೇಳರ ಪುಟದಲ್ಲಿ ಈ ತಾರೀಖುಗಳೆಲ್ಲ ಇವೆ, ತರಿಸಿ ನೋಡಿ" ಅಂದೆ. ಗುಮಾಸ್ತ ಓಡಿಹೋಗಿ ತಂದ. ಒಂದೊಂದೇ ತಾಳೆ ಹಾಕಿದರು. ಒಂದೂ ತಪ್ಪಲಿಲ್ಲ.

"ಹಾಗಾದರೆ ಇಷ್ಟು ಸವೆದ ಚಿಲಕ ಇಷ್ಟು ದಿನ ಹೇಗೆ ನಿಂತಿತ್ತು?" ಅಂದರು ಮೇಡಂ. ಬುದ್ಧಿವಂತೆ. ಕೇಳಬೇಕಾದ್ದನ್ನೇ ಕೇಳಿದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಬಲಗೈ ಬಾಗಿಲ ಹಿಡಿಯ ಮೇಲಿತ್ತು. ಎಳೀತಿದ್ದ, ಬಿಡ್ತಿದ್ದ, ಮತ್ತೆ ಎಳೀತಿದ್ದ. ತಾನೇ ತನಗೆ ಪರೀಕ್ಷೆ ಕೊಟ್ಟುಕೊಳ್ತಾ ಇದ್ದ.

ಡಬ್ಬಿಯ ತಳಕ್ಕೆ ಬೆರಳು ಹಾಕಿದೆ. ಸಿಕ್ಕಿತು. ಬಿಸ್ಕತ್ತಿನ ಡಬ್ಬದ ಕೆಂಪು ಬಣ್ಣ ಇನ್ನೂ ಅಂಚಿನಲ್ಲಿತ್ತು.

"ಇದು ನಿಲ್ಲಿಸಿತ್ತು ಮೇಡಂ. ನಾನು ಇಟ್ಟದ್ದು. ಸ್ಟೋರಿನವರು ಚಿಲಕ ಕೊಡಲಿಲ್ಲ, ಇದನ್ನ ಇಟ್ಟೆ. ವಾರಕ್ಕೊಮ್ಮೆ ಸರಿ ಮಾಡ್ತಿದ್ದೆ. ಹೊಸದು ಅಂತ ಹೆಸರಿಟ್ಟು ನನ್ನ ಹತ್ತಿರ ಬರೋದು ತಪ್ಪಿಸಿದರು, ಇದು ಜಾರಿ ಬಿತ್ತು. ನನ್ನ ತಮ್ಮ ಎಳೆದು ನೋಡಿದಾಗ ಇದು ಜಾಗದಲ್ಲೇ ಇತ್ತು, ಚಿಲಕ ಕೂತಿತ್ತು. ತಿರುವಿನಲ್ಲಿ ಬಿತ್ತು. ಅವನ ಕೈ ಸರಿಯಾಗೇ ಇತ್ತು."

ತಮ್ಮ ಹಿಡಿಯಿಂದ ಕೈ ತೆಗೆದ. "ಅಕ್ಕಾ" ಅಂದ, ಅಷ್ಟೇ.

ಹದಿನೈದು ದಿನದಲ್ಲಿ ಅವನಿಗೆ ಕೆಲಸ ವಾಪಸ್ ಬಂತು. ಅಷ್ಟರಲ್ಲಿ 412ನ್ನ, ಆ ಬಾಗಿಲಿಗೆ ಅದೇ ಹಗ್ಗ ಕಟ್ಟಿ, ಮತ್ತೆ ಓಡಿಸೋಕೆ ಶುರು ಮಾಡಿದ್ದರು. ಅದೇ ಟಪಾಲಿನಲ್ಲಿ ನನಗೂ ಒಂದು ಲಕೋಟೆ. ತಮ್ಮ ಒಡೆದು ಗಟ್ಟಿಯಾಗಿ ಓದಿದ: "ಬೋಗಿ ಸಂಖ್ಯೆ 27ರ (ಈಗಿನ 412) ಎಡಬದಿಯ ಎರಡನೇ ಬಾಗಿಲಿಗೆ ಅನಧಿಕೃತ ದುರಸ್ತಿ ಮಾಡಿರುವ ಕಾರಣ, ನಾಳೆಯಿಂದ ಆರು ತಿಂಗಳು ತಮ್ಮನ್ನು ಅಮಾನತಿನಲ್ಲಿಡಲಾಗಿದೆ." ಬಣ್ಣ ಬಳಿಸಿದವರ ಬಗ್ಗೆ ಒಂದು ಅಕ್ಷರ ಇಲ್ಲ. ಚಿಲಕ ಕೊಡದ ಸ್ಟೋರಿನ ಬಗ್ಗೆ ಇಲ್ಲ. ಮ್ಯಾನೇಜರು ಕೈ ತೊಳಕೊಂಡು ಹಾಯಾಗಿದ್ದರು.

"ಥೂ ಇವರ ಜನ್ಮಕ್ಕೆ!" ಅಂದ ತಮ್ಮ. ಯಾವತ್ತೂ ದನಿ ಎತ್ತದ ಪ್ರಾಣಿ. "ಎಲ್ಲರದ್ದೂ ಸೇರಿಸಿ ನಿನ್ನ ತಲೆ ಮೇಲೆ ಗೂಬೆ ಕೂರಿಸಿದರಲ್ಲಕ್ಕ!"

"ಇನ್ನೊಂದು ಸಲ ಓದೋ" ಅಂದೆ. "ಮೊದಲನೇ ಸಾಲು."

"ಬೋಗಿ ಸಂಖ್ಯೆ 27ರ, ಈಗಿನ 412..."

"ಸಾಕು." ಕಾಗದ ಕಿತ್ತುಕೊಂಡು ನೇರ ಗುಮಾಸ್ತನ ಮೇಜಿಗೆ ನಡೆದೆ. "ನಿನಗೆ ಬಂದ ಕಾಗದದಲ್ಲಿ ಏನಿದೆಯೋ ಅದನ್ನೇ ಬರೀತೀನಿ ಅಂದಿದ್ದೆಯಲ್ಲಪ್ಪ? ಇಗೋ ಹೆಡ್ ಆಫೀಸಿನ ಕಾಗದ. ಇಪ್ಪತ್ತೇಳೇ 412 ಅಂತ ಮೊಹರು ಹಾಕಿ ಕೊಟ್ಟಿದ್ದಾರೆ. ಇಪ್ಪತ್ತೇಳು ಇಲ್ಲ ಅನ್ನೋದಾದರೆ ನನಗೆ ಶಿಕ್ಷೆ ಯಾವುದಕ್ಕೆ? ಇದೆ ಅನ್ನೋದಾದರೆ ನನ್ನ ಒಂಬತ್ತು ಸಾಲನ್ನ ಆ ಬಿಳಿ ಹಾಳೆಗೆ ಏರಿಸು."

ಅವನು ಕಾಗದವನ್ನ ಎರಡು ಸಲ ಓದಿದ. ತುಟಿ ಅಂಚಿನಲ್ಲಿ ನಗು ಬಂತು, ನುಂಗಿಕೊಂಡ. ಒಂಬತ್ತೂ ಸಾಲು ನಕಲು ಮಾಡಿದ. ಬಾಗಿಲಿನ ದೋಷ ಪುಸ್ತಕದಲ್ಲಿದ್ದರೆ ಬೋಗಿ ಹೊರಡೋ ಹಾಗಿಲ್ಲ, ಅದು ಅವರದೇ ನಿಯಮ. ಅವತ್ತು ಸಂಜೆ 412ರ ಮೂತಿಗೆ ಕೆಂಪು ಹಲಗೆ ನೇತುಬಿತ್ತು. ಅದರ ಹಿಂದೆ ಇನ್ನುಳಿದ ಮೂರೂ ಬೋಗಿಗಳ ಹಳೇ ಪುಟಗಳು ಹೊರಗೆ ಬಂದವು. ಗಾಡಿಯೇ ಹೊರಡಲಿಲ್ಲ. ಎರಡು ವರ್ಷದಿಂದ ಸ್ಟಾಕ್ ಇಲ್ಲದ ಚಿಲಕ ಒಂದೂವರೆ ಗಂಟೆಯಲ್ಲಿ ಸ್ಟೋರಿನಿಂದ ನಡೆದುಕೊಂಡು ಬಂತು! ಎಲ್ಲಿತ್ತೋ, ಯಾರ ಕಪಾಟಿನಲ್ಲಿ ಮಲಗಿತ್ತೋ.

ಅಮಾನತು ಮಾರನೇ ದಿನದಿಂದ ತಾನೇ? ಪ್ಲಾಟ್‌ಫಾರ್ಮಿನಲ್ಲೇ ಕೂತು ಚಿಲಕ ಕೂರಿಸೋಕೆ ಶುರು ಮಾಡಿದೆ. ಜನ ನನಗೇ ಬೈದರು. ಮನೆಗೆ ಹೋಗಬೇಕು, ಮಕ್ಕಳು ಕಾಯ್ತಿದ್ದಾರೆ, ಇವತ್ತೇ ಆಗಬೇಕಿತ್ತಾ ನಿನ್ನ ರಿಪೇರಿ ಅಂತ. ನಾನೂ ಬಿಡಲಿಲ್ಲ. "ಬೀಳೋಕೆ ಅಷ್ಟು ಆತುರ ಇದ್ದರೆ ಹತ್ತಿ" ಅಂದೆ. ತಮ್ಮ ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗೂ ಸಮಾಧಾನ ಹೇಳ್ತಾ ಓಡಾಡ್ತಿದ್ದ. ನಿಜ ಹೇಳಲಾ, ಒಳಗೊಳಗೇ ಗೆದ್ದೆ ಅನ್ನೋ ಜಂಬ ಇತ್ತು ನನಗೆ. ಅಚ್ಚು, ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡಿದ್ದೆ, ಕೊನೆಗೆ ಒತ್ತೋಕೆ.

ಆಗ ಯಾರೋ ಬಂದು ಪಕ್ಕದಲ್ಲಿ ನಿಂತರು. ತಲೆ ಎತ್ತಿದೆ. ಟೈಲರ್. ಬಲಗೈಗೆ ಮೊಣಕೈವರೆಗೆ ಬಿಳಿ ಕಟ್ಟು, ಕೊರಳಿಗೆ ಜೋಲಿ. ಕಟ್ಟಿನ ತುದಿಯಲ್ಲಿ ಬೆರಳುಗಳು ಊದಿದ್ದವು. ಅವಳು ಬಾಗಿಲನ್ನ ನೋಡಿದಳು, ನನ್ನ ಕೈಯಲ್ಲಿದ್ದ ಹೊಸ ಚಿಲಕವನ್ನ ನೋಡಿದಳು.

"ತಗಡು ಇಟ್ಟಿದ್ದರಂತಲ್ಲ ಇದರೊಳಗೆ" ಅಂದಳು. "ಯಾರಮ್ಮ ಇಟ್ಟದ್ದು?"

"ನಾನೇ."

"ಬಣ್ಣ ಹೊಡೆದು ತಂದಾಗ, ಅದು ಒಳಗೆ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ನಾನು ಹೊಲಿಸಿಕೊಂಡಿದ್ದ ಖಾಕಿ ಅಂಗಿಯ ಕಾಲರನ್ನ ಅವಳು ಸುಮ್ಮನೆ ನೋಡಿದಳು. ತಾನು ಹಾಕಿದ ಹೊಲಿಗೆ ಅಲ್ವಾ, ಗುರುತು ಹಿಡಿದಿರಬೇಕು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಸ್ಟೋರಿನವರದ್ದು, ಮ್ಯಾನೇಜರದ್ದು, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು.

"ಹೇಳಬಹುದಿತ್ತಲ್ಲಮ್ಮ" ಅಂದಳು.

ಹೇಳಬಹುದಿತ್ತು. ನಾಲ್ಕು ಸ್ಕ್ರೂ ಬಿಗಿ ಮಾಡೋವರೆಗೂ ಅವಳು ಅಲ್ಲೇ ನಿಂತಿದ್ದಳು. ಅಚ್ಚು ಒತ್ತೋದನ್ನ ನಾನು ಮರೆತುಬಿಟ್ಟಿದ್ದೆ.